ನಗರಕ್ಕೆ ಕಮಿಷನರ್ ಬಂದ ಮೇಲೆ ಬಡಾವಣೆಯ ಠಾಣೆ



ಆಡಳಿತ ಮತ್ತು ಜನಜೀವನ ಒಂದನ್ನೊಂದು ಮುಟ್ಟುವ ಯಾವುದಾದರೂ ವಿಷಯದ ಮೇಲೆ ಮಾತಾಡಬೇಕೆಂದು ಈ ದತ್ತಿ ಉಪನ್ಯಾಸದ ಸಂಘಟಕರು ಹೇಳಿದಾಗ ನಾನು ಹೆಚ್ಚು ಹುಡುಕಲಿಲ್ಲ. ಒಂದು ಊರಿಗೆ ಪೊಲೀಸರ ಹೊಸ ಕೇಂದ್ರ ಕಚೇರಿ ಬಂದರೆ ಉದ್ಘಾಟನೆಯ ಚಿತ್ರ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಎಷ್ಟು ಕೋಟಿ ಖರ್ಚಾಯಿತು, ಎಷ್ಟು ಮಹಡಿ, ಎಷ್ಟು ಕ್ಯಾಮೆರಾ ಎಂಬ ವಿವರವೂ ಬರುತ್ತದೆ. ಆ ಕಚೇರಿಯಿಂದ ಒಂದು ಮೈಲಿ ದೂರದಲ್ಲಿ, ಹಂಚಿನ ಮಾಡಿನ ಹಳೆಯ ಕಟ್ಟಡದಲ್ಲೋ ಬಾಡಿಗೆ ಮನೆಯಲ್ಲೋ ಇರುವ ಠಾಣೆಗೆ ಅದರಿಂದ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಇವತ್ತು ಆ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿ ಕೇಳೋಣ.

ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಬೆಂಗಳೂರಿಗೆ 1963ರಲ್ಲಿ ಪೊಲೀಸ್ ಕಮಿಷನರ್ ಬಂದರು. ಮೈಸೂರು ಮತ್ತು ಹುಬ್ಬಳ್ಳಿ-ಧಾರವಾಡಗಳಿಗೆ ಆಮೇಲೆ ಬಂದರು. ಮಂಗಳೂರಿಗೆ 2010ರಲ್ಲಿ, ಬೆಳಗಾವಿಗೆ 2014ರಲ್ಲಿ, ಕಲಬುರಗಿಗೆ 2019ರಲ್ಲಿ ಬಂದರು. ನಾನು ಹೆಚ್ಚಾಗಿ ಆಧರಿಸುವುದು ಮಂಗಳೂರನ್ನು. ಅಗತ್ಯವಿದ್ದಲ್ಲಿ ಉಳಿದ ಊರುಗಳನ್ನೂ, ಒಂದೆರಡು ಕಡೆ ಹೈದರಾಬಾದ್ ಮತ್ತು ಲಂಡನ್ನನ್ನೂ ಮುಟ್ಟುತ್ತೇನೆ. ಕಾನೂನಿನಲ್ಲಿ ಏನು ಬದಲಾಗುತ್ತದೆ, ಠಾಣೆಯ ಸಿಬ್ಬಂದಿಗೆ ಏನಾಗುತ್ತದೆ, ದೂರು ಹೊತ್ತು ಬರುವವರ ದಾರಿ ಹೇಗೆ ಬದಲಾಗುತ್ತದೆ, ಕೊನೆಗೆ ಸರಹದ್ದಿನ ಗೆರೆಯ ಆಚೆ ಉಳಿದವರ ಪಾಡೇನು: ಈ ಕ್ರಮದಲ್ಲಿ ಹೋಗೋಣ. ಕೇಂದ್ರ ಕಚೇರಿ ಠಾಣೆಗೆ ಕೊಡುವುದೂ ಉಂಟು, ಠಾಣೆಯಿಂದ ತೆಗೆದುಕೊಳ್ಳುವುದೂ ಉಂಟು. ಕೊಡುವುದು ಕಣ್ಣಿಗೆ ಕಾಣುತ್ತದೆ, ಲೆಕ್ಕಕ್ಕೂ ಸಿಗುತ್ತದೆ. ತೆಗೆದುಕೊಳ್ಳುವುದರ ಲೆಕ್ಕವನ್ನು ನಾವು ಇಟ್ಟೇ ಇಲ್ಲ. ನನ್ನ ವಾದ ಇಷ್ಟೇ.

ಮೊದಲು ಕಾನೂನು. ನಮ್ಮ ಪೊಲೀಸ್ ವ್ಯವಸ್ಥೆಗೆ ಎರಡು ಬೇರುಗಳಿವೆ. ಒಂದು, 1856ರಿಂದ ಕಲ್ಕತ್ತಾ, ಮದ್ರಾಸು, ಬೊಂಬಾಯಿಗಳಲ್ಲಿ ನೆಲೆಯಾದ ಕಮಿಷನರ್ ಪದ್ಧತಿ. ಇನ್ನೊಂದು, 1861ರ ಪೊಲೀಸ್ ಕಾಯ್ದೆಯಿಂದ ಬಂದ ಜಿಲ್ಲಾ ಪದ್ಧತಿ. ಎರಡನೆಯದರಲ್ಲಿ ಜಿಲ್ಲೆಯ ಪೊಲೀಸ್ ಸೂಪರಿಂಟೆಂಡೆಂಟರು ಜಿಲ್ಲಾ ಮ್ಯಾಜಿಸ್ಟ್ರೇಟರ, ಅಂದರೆ ಕಲೆಕ್ಟರರ, ಸಾಮಾನ್ಯ ನಿಯಂತ್ರಣದಲ್ಲಿ ಕೆಲಸ ಮಾಡಬೇಕು. ಮೊದಲನೆಯದರಲ್ಲಿ ಮ್ಯಾಜಿಸ್ಟ್ರೇಟರ ಅಧಿಕಾರದ ಒಂದು ಪಾಲು ಪೊಲೀಸ್ ಮುಖ್ಯಸ್ಥರ ಕೈಗೇ ಬರುತ್ತದೆ. ಧರ್ಮವೀರ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗ ಐದು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಕಮಿಷನರ್ ಪದ್ಧತಿ ಬೇಕೆಂದು 1981ರಲ್ಲಿ ಶಿಫಾರಸು ಮಾಡಿತು. 2011ರ ಜನಗಣತಿಯಲ್ಲಿ ಮಂಗಳೂರು, ಬೆಳಗಾವಿ ಎರಡೂ ನಗರಗಳ ಜನಸಂಖ್ಯೆ ಐದು ಲಕ್ಷದ ಆಸುಪಾಸಿನಲ್ಲಿತ್ತು. ಶಿಫಾರಸಿಗೂ ಜಾರಿಗೂ ನಡುವೆ ಸುಮಾರು 30 ವರ್ಷ ಹಿಡಿಯಿತು.

ಕಮಿಷನರ್ ಬಂದ ದಿನ ಠಾಣೆಯಲ್ಲಿ ಮೊದಲು ಬದಲಾಗುವುದು ಮೇಲಿನ ಏಣಿ. ಜಿಲ್ಲೆಯಲ್ಲಿ ಸಬ್ ಇನ್ಸ್‌ಪೆಕ್ಟರ್, ಅವರ ಮೇಲೆ ಎರಡು ಮೂರು ಠಾಣೆ ನೋಡಿಕೊಳ್ಳುವ ವೃತ್ತ ನಿರೀಕ್ಷಕರು, ಅವರ ಮೇಲೆ ಡಿವೈಎಸ್‌ಪಿ, ಆಮೇಲೆ ಎಸ್‌ಪಿ. ನಗರ ಕಮಿಷನರೇಟಿನಲ್ಲಿ ವೃತ್ತ ಎಂಬ ನಡುಮಟ್ಟ ಹೋಗಿ ಇನ್ಸ್‌ಪೆಕ್ಟರ್ ಠಾಣೆಯಲ್ಲೇ ಕೂರುತ್ತಾರೆ. ಅವರ ಮೇಲೆ ಎಸಿಪಿ, ಡಿಸಿಪಿ, ಕಮಿಷನರ್. ಇದು ಠಾಣೆಗೆ ಸಿಕ್ಕ ನಿಜವಾದ ಲಾಭ. ಗಂಭೀರ ಪ್ರಕರಣದ ತನಿಖೆಗೆ ಅನುಭವಿ ಅಧಿಕಾರಿ ಅದೇ ಕಟ್ಟಡದಲ್ಲಿ ಸಿಗುತ್ತಾರೆ. ಮೊದಲು ವೃತ್ತ ಕಚೇರಿಗೆ ಕಡತ ಕಳಿಸಿ ಕಾಯಬೇಕಾಗಿದ್ದ ನಿರ್ಧಾರ ಅಲ್ಲೇ ಆಗುತ್ತದೆ. ವಾಹನ, ಗಣಕಯಂತ್ರ, ಮಹಿಳಾ ಸಿಬ್ಬಂದಿ ಮುಂತಾದವು ಜಿಲ್ಲೆಯ ಮೂಲೆಯ ಠಾಣೆಗಿಂತ ನಗರ ಠಾಣೆಗೆ ಬೇಗ ಬರುತ್ತವೆ. ಇದನ್ನು ಕಡಿಮೆ ಮಾಡಿ ಹೇಳಬಾರದು.

ಎರಡನೆಯ ಬದಲಾವಣೆ ಅಷ್ಟು ಸರಳವಲ್ಲ. ಬಡಾವಣೆಯಲ್ಲಿ ಇಬ್ಬರು ನೆರೆಯವರ ಜಗಳ ಕೈ ಮೀರುವ ಹಾಗಿದೆ ಅಂದುಕೊಳ್ಳಿ. ಅಥವಾ ಒಬ್ಬನ ಮೇಲೆ ರೌಡಿ ಹಾಳೆ ಇದೆ, ಹಬ್ಬದ ದಿನ ಹತ್ತಿರ ಬಂದಿದೆ. ಶಾಂತಿ ಕಾಪಾಡುತ್ತೇನೆಂದು ಅವರಿಂದ ಮುಚ್ಚಳಿಕೆ ಬರೆಸಿಕೊಳ್ಳಲು ಠಾಣೆ ವರದಿ ಕಳಿಸುತ್ತದೆ. ಇದಕ್ಕೆ ಆಧಾರ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 107 ಮತ್ತು 110ನೇ ಕಲಂ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126 ಮತ್ತು 129. ಜಿಲ್ಲೆಯಲ್ಲಿ ಈ ವರದಿ ತಹಶೀಲ್ದಾರರ ಅಥವಾ ಉಪವಿಭಾಗಾಧಿಕಾರಿಯ ಮೇಜಿಗೆ ಹೋಗುತ್ತದೆ. ಅವರು ಕಂದಾಯ ಇಲಾಖೆಯವರು; ಠಾಣೆಯವರ ಮಾತನ್ನು ಒಪ್ಪಲೇಬೇಕೆಂದಿಲ್ಲ. ಕಮಿಷನರೇಟಿನಲ್ಲಿ ಅದೇ ವರದಿ ಎಸಿಪಿ ಅಥವಾ ಡಿಸಿಪಿಯ ಎದುರಿಗೆ ಹೋಗುತ್ತದೆ. ವೇಗ ಖಂಡಿತ ಹೆಚ್ಚಾಗುತ್ತದೆ. ಆದರೆ ವರದಿ ಬರೆದವರೂ ಅದನ್ನು ತೂಗಿ ನೋಡುವವರೂ ಒಂದೇ ಇಲಾಖೆಯವರಾದಾಗ ಹೊರಗಿನ ಕಣ್ಣು ಇಲ್ಲವಾಗುತ್ತದೆ. ತಮಿಳುನಾಡಿನಲ್ಲಿ ಪೊಲೀಸ್ ಅಧಿಕಾರಿಗಳಿಗೆ ಈ ಕಲಮುಗಳ ಅಧಿಕಾರ ಕೊಟ್ಟಿದ್ದನ್ನು ಮದ್ರಾಸ್ ಹೈಕೋರ್ಟ್ 2023ರಲ್ಲಿ ಒಪ್ಪಲಿಲ್ಲ. ಕಾನೂನು ವಿದ್ಯಾರ್ಥಿಗಳು ಆ ತೀರ್ಪನ್ನು ಪೂರ್ತಿ ಓದಬೇಕು ಎಂದು ಕೇಳಿಕೊಳ್ಳುತ್ತೇನೆ. ಠಾಣೆಯ ಇನ್ಸ್‌ಪೆಕ್ಟರರಿಗೂ ಹೊರಗಿನ ಮ್ಯಾಜಿಸ್ಟ್ರೇಟ್ ಒಂದು ರಕ್ಷಣೆಯೇ ಆಗಿದ್ದರು ಎಂಬುದು ನನ್ನ ಅಭಿಪ್ರಾಯ. ರಾಜಕೀಯ ಒತ್ತಡಕ್ಕೆ ಯಾರದೋ ಮೇಲೆ ವರದಿ ಬರೆಯಬೇಕಾಗಿ ಬಂದಾಗ, ‘ತಹಶೀಲ್ದಾರರು ಒಪ್ಪುವುದಿಲ್ಲ ಸಾರ್’ ಎಂದು ಹೇಳಲು ಅವರಿಗೆ ಒಂದು ಅವಕಾಶವಿತ್ತು.

ಇದೇ ಜಾತಿಯ ಇನ್ನೊಂದು ಉದಾಹರಣೆ ನಮ್ಮ ಕರಾವಳಿಯದ್ದೇ. ಹತ್ತು ಸಮಸ್ತರು, ಅಂದರೆ ಊರವರು ಸೇರಿ, ಆಡಿಸುವ ಯಕ್ಷಗಾನ ಬಯಲಾಟಕ್ಕೆ ಧ್ವನಿವರ್ಧಕದ ಪರವಾನಗಿ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಇದರ ಪ್ರಾಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಪೊಲೀಸ್ ಕಮಿಷನರ್, ಇಲ್ಲವೇ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಠಾಣೆಯ ಇನ್ಸ್‌ಪೆಕ್ಟರ್ ಈ ಪಟ್ಟಿಯಲ್ಲಿ ಇಲ್ಲ. ಆದರೂ ಆಟದ ವೀಳ್ಯ ಕೊಟ್ಟವರು ಮೊದಲು ಬರುವುದು ಠಾಣೆಗೇ. ರಂಗಸ್ಥಳ ಎಲ್ಲಿ, ಪಕ್ಕದಲ್ಲಿ ಆಸ್ಪತ್ರೆ ಇದೆಯೇ, ಪರೀಕ್ಷೆಯ ಸಮಯವೇ, ಕಳೆದ ವರ್ಷ ತಕರಾರು ಬಂದಿತ್ತೇ ಎಂಬುದೆಲ್ಲ ಆ ಬೀಟಿನ ಹೆಡ್ ಕಾನ್ಸ್‌ಟೇಬಲ್ಲಿಗೆ ಗೊತ್ತು. ಸಹಿ ಮೇಲಿನ ಕಚೇರಿಯದು, ತಿಳಿವಳಿಕೆ ಠಾಣೆಯದು. ಈ ಎರಡರ ನಡುವಿನ ಅಂತರ ಎಷ್ಟು ಬೆಳೆಯುತ್ತದೋ ಅಷ್ಟು ಠಾಣೆಯ ಮಾತಿಗೆ ಊರಿನಲ್ಲಿ ಬೆಲೆ ಇಳಿಯುತ್ತದೆ.

ಕಾನೂನಿನ ಮಾತು ಮುಗಿಸುವ ಮೊದಲು ಬದಲಾಗದ ಒಂದು ಸಂಗತಿಯನ್ನು ಗುರುತಿಸಬೇಕು. ಸರ್ಕಾರ ಅಧಿಸೂಚನೆಯ ಮೂಲಕ ಘೋಷಿಸಿದ ಸ್ಥಳ ಮಾತ್ರ ಪೊಲೀಸ್ ಠಾಣೆ. ಸಂಜ್ಞೇಯ ಅಪರಾಧದ ಮಾಹಿತಿಯನ್ನು ಠಾಣೆಯ ಪ್ರಭಾರ ಅಧಿಕಾರಿಗೆ ಕೊಡಬೇಕು. ಪ್ರಥಮ ವರ್ತಮಾನ ವರದಿ (ಎಫ್‌ಐಆರ್) ಠಾಣೆಯ ಪುಸ್ತಕದಲ್ಲೇ ದಾಖಲಾಗಬೇಕು. ಮೇಲಧಿಕಾರಿಗಳಿಗೆ ತಮ್ಮ ಪ್ರದೇಶದಲ್ಲೆಲ್ಲ ಠಾಣಾಧಿಕಾರಿಯ ಅಧಿಕಾರವನ್ನು ನಾಗರಿಕ ಸುರಕ್ಷಾ ಸಂಹಿತೆಯ 30ನೇ ಕಲಂ ಕೊಡುತ್ತದೆ, ನಿಜ. ಆದರೂ ಎಷ್ಟು ಮಹಡಿ ಎದ್ದರೂ ಕಮಿಷನರ್ ಕಚೇರಿ ಠಾಣೆಯಾಗುವುದಿಲ್ಲ. ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರ ನವೆಂಬರ್ 12ರಂದು ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದಾಗ, ಆ ಹೊಣೆ ಬಿದ್ದದ್ದು ಠಾಣೆಯ ಮುಂಭಾಗದ ಮೇಜಿನ ಮೇಲೆ.

ಈಗ ಎರಡನೆಯ ವಿಷಯಕ್ಕೆ, ಅಂದರೆ ಸಿಬ್ಬಂದಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದು ಇಲ್ಲಿಯೇ.

ಬೆಳಗಿನ ರೋಲ್ ಕಾಲ್ ಹೊತ್ತಿಗೆ ಒಂದು ನಗರ ಠಾಣೆಯ ಒಳಗೆ ನಿಂತು ನೋಡಿ. ರೈಟರ್ ಕೈಯಲ್ಲಿ ಡ್ಯೂಟಿ ಪುಸ್ತಕ. ಲೆಕ್ಕ ಸುಲಭವಾಗಲೆಂದು ಒಂದು ಕಲ್ಪಿತ ಠಾಣೆಯನ್ನು ತೆಗೆದುಕೊಳ್ಳೋಣ. ಮಂಜೂರಾದ ಹುದ್ದೆ 60. ಹತ್ತು ಖಾಲಿ, ಉಳಿದದ್ದು 50. ವಾರದ ರಜೆ, ಕಾಯಿಲೆ, ತರಬೇತಿ ಸೇರಿ ಎಂಟು ಮಂದಿ ಇಲ್ಲ, 42. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋದವರು ಹತ್ತು, 32. ಎಸ್‌ಎಚ್‌ಒ ಕರ್ತವ್ಯ, ಸೆಂಟ್ರಿ, ಗಣಕಯಂತ್ರ, ಜೀಪಿನ ಚಾಲಕ, ನ್ಯಾಯಾಲಯದ ಕೆಲಸ, ಸಮನ್ಸು-ವಾರಂಟು ಜಾರಿ, ಆಸ್ಪತ್ರೆಯಿಂದ ಬಂದ ವೈದ್ಯಕೀಯ-ಕಾನೂನು ಪ್ರಕರಣ (ಎಂಎಲ್‌ಸಿ), ಅಸಹಜ ಸಾವಿನ ಮಹಜರು, ಪಾಸ್‌ಪೋರ್ಟ್ ವಿಚಾರಣೆ: ಇವುಗಳಿಗೆ 14 ಮಂದಿ. ಕೊನೆಗೆ ಬೀದಿಗಿಳಿದು ಗಸ್ತು ತಿರುಗಲು ಸಿಗುವವರು 18.

ಈಗ ಕೇಂದ್ರ ಕಚೇರಿಯಿಂದ ಒಂದು ಆದೇಶ ಬರುತ್ತದೆ. ಕಂಟ್ರೋಲ್ ರೂಮಿಗೆ ಇಬ್ಬರು, ಕೇಂದ್ರ ಅಪರಾಧ ವಿಭಾಗವಾದ ಸಿಸಿಬಿಗೆ ಇಬ್ಬರು, ಕಚೇರಿಯ ತಪಾಲು ವಿಭಾಗಕ್ಕೆ ಒಬ್ಬರು, ಸಾಮಾಜಿಕ ಜಾಲತಾಣದ ಘಟಕಕ್ಕೆ ಒಬ್ಬರು. ಇಲಾಖೆಯಲ್ಲಿ ಇದನ್ನು ಓಓಡಿ ಎನ್ನುತ್ತಾರೆ: ಬೇರೆ ಕರ್ತವ್ಯದ ಮೇಲೆ ನಿಯೋಜನೆ. ಸಂಬಳ ಠಾಣೆಯ ಲೆಕ್ಕದಲ್ಲಿ, ಹೆಸರು ಠಾಣೆಯ ಪಟ್ಟಿಯಲ್ಲಿ, ಮನುಷ್ಯ ಮಾತ್ರ ಕೇಂದ್ರ ಕಚೇರಿಯಲ್ಲಿ. ಆರು ಮಂದಿ ಎಂದರೆ 60ರಲ್ಲಿ ಹತ್ತರಲ್ಲೊಂದು ಪಾಲು ತಾನೇ ಎಂದು ಮೇಲಿನವರಿಗೆ ಕಾಣುತ್ತದೆ. ಆದರೆ ಸೆಂಟ್ರಿಯನ್ನು ತೆಗೆಯುವಂತಿಲ್ಲ, ಕೋರ್ಟಿಗೆ ಹೋಗುವವರನ್ನು ತೆಗೆಯುವಂತಿಲ್ಲ, ಗಣಕಯಂತ್ರದ ಮುಂದೆ ಕೂತವರನ್ನು ಎಬ್ಬಿಸುವಂತಿಲ್ಲ. ಆ ಆರೂ ಮಂದಿ ಹೋಗುವುದು ಕೊನೆಯ 18ರಿಂದ. ಅಂದರೆ ಬೀಟಿನ ಮೂರರಲ್ಲೊಂದು ಭಾಗ ಒಂದೇ ಕಾಗದದಲ್ಲಿ ಹೋಗುತ್ತದೆ. ಕೇಂದ್ರ ಕಚೇರಿಯಲ್ಲಿ ಕೂತು ನೋಡಿದವರಿಗೆ ಈ ಮೂರರಲ್ಲೊಂದು ಎಂದಿಗೂ ಕಾಣುವುದಿಲ್ಲ. ಯಾಕೆಂದರೆ ಅವರ ಪಟ್ಟಿಯಲ್ಲಿ ಠಾಣೆಯ ಬಲ ಆಗಲೂ 50 ಎಂದೇ ಇರುತ್ತದೆ.

ಯಾರನ್ನು ಕರೆಸಿಕೊಳ್ಳುತ್ತಾರೆ ಎಂಬುದೂ ಮುಖ್ಯ. ಕಂಪ್ಯೂಟರ್ ಚೆನ್ನಾಗಿ ಬಲ್ಲವರು, ಕನ್ನಡ-ಇಂಗ್ಲಿಷ್ ಎರಡರಲ್ಲೂ ಕರಡು ಬರೆಯಬಲ್ಲವರು, ಕಳ್ಳರ ಜಾಡು ಹಿಡಿಯುವುದರಲ್ಲಿ ಹೆಸರು ಮಾಡಿದ ಕ್ರೈಂ ಸಿಬ್ಬಂದಿ. ವಿಶೇಷ ದಳಗಳಿಗೆ ಒಳ್ಳೆಯವರೇ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಆ ಒಳ್ಳೆಯತನ ಬೆಳೆದದ್ದು ಒಂದು ಬಡಾವಣೆಯ ಓಣಿಗಳಲ್ಲಿ. ಗುಜರಿ ಅಂಗಡಿಯವನ ಪರಿಚಯ, ರಾತ್ರಿ ರಿಕ್ಷಾ ಓಡಿಸುವವರ ಸಲಿಗೆ, ಬಂದರಿನ ದಕ್ಕೆಯಲ್ಲಿ ಹೊಸಬರು ಬಂದರೆ ಕಿವಿಗೆ ಹಾಕುವ ಹೋಟೆಲ್ ಮಾಲೀಕ: ಇವನ್ನೆಲ್ಲ ಆ ಸಿಬ್ಬಂದಿ ಕೇಂದ್ರ ಕಚೇರಿಗೆ ಹೊತ್ತೊಯ್ಯುತ್ತಾರೆ. ಅಲ್ಲಿ ಅವು ಒಂದು ವರ್ಷದೊಳಗೆ ಹಳತಾಗುತ್ತವೆ, ಠಾಣೆಗೂ ಇಲ್ಲವಾಗುತ್ತವೆ.

2017ರಲ್ಲಿ ನಮ್ಮ ರಾಜ್ಯದಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಬಂತು. ಠಾಣೆಯ ಸರಹದ್ದನ್ನು ಬೀಟುಗಳಾಗಿ ಹಂಚಿ, ಪ್ರತಿಯೊಂದಕ್ಕೂ ಒಬ್ಬ ಹೆಡ್ ಕಾನ್ಸ್‌ಟೇಬಲ್ಲನ್ನೋ ಕಾನ್ಸ್‌ಟೇಬಲ್ಲನ್ನೋ ಹೊಣೆಗಾರರನ್ನಾಗಿ ಮಾಡಿ, ಬೀಟಿಗೊಂದು ನಾಗರಿಕರ ಸಮಿತಿ ಮಾಡುವ ವ್ಯವಸ್ಥೆ ಅದು. ನಾನು ಬಹಳ ಮೆಚ್ಚುವ ಸುಧಾರಣೆ. ಒಬ್ಬ ಸಾಮಾನ್ಯ ಕಾನ್ಸ್‌ಟೇಬಲ್ಲಿಗೆ ‘ಈ ನಾಲ್ಕು ಬೀದಿ ನಿನ್ನವು’ ಎಂದು ಹೇಳುವುದು ಸಣ್ಣ ಗೌರವವಲ್ಲ. ಆದರೆ ಬೀಟಿನವರು ವಾರದಲ್ಲಿ ಮೂರು ದಿನ ಬಂದೋಬಸ್ತಿಗೆ, ಒಂದು ದಿನ ಕೇಂದ್ರ ಕಚೇರಿಯ ಕೆಲಸಕ್ಕೆ ಹೋದರೆ ಆ ಬೀದಿಗಳು ಯಾರವು?

ಬಂದೋಬಸ್ತಿನ ಮಾತು ಬಂತು. ಬೆಳಗಾವಿಯ ಸುವರ್ಣ ವಿಧಾನಸೌಧ 2012ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಚಳಿಗಾಲದ ಅಧಿವೇಶನ ಬಂದಾಗ ಅದು ಹಿರೇಬಾಗೇವಾಡಿ ಠಾಣೆಯ ಸರಹದ್ದಿನಲ್ಲಿ ನಡೆಯುತ್ತದೆ. ಹೆದ್ದಾರಿಯ ಪಕ್ಕದಲ್ಲಿ ಧರಣಿಗಳ ಸಾಲು, ರಾಜ್ಯದ ನಾನಾ ಕಡೆಯಿಂದ ಬಂದ ಸಿಬ್ಬಂದಿ. ದೊಡ್ಡ ಸಂಸ್ಥೆಯೊಂದು ಒಂದು ಠಾಣೆಯ ಗಡಿಯೊಳಗೆ ಬಂದು ಕೂತರೆ ಸುತ್ತಲಿನ ಹಳ್ಳಿಗಳ ಹೊಲದ ತಕರಾರು, ಪಂಪ್‌ಸೆಟ್ ಕಳವು, ದನದ ಜಗಳ ಎಲ್ಲವೂ ಆ ದಿನಗಳಲ್ಲಿ ಹಿಂದೆ ಸರಿಯಲೇಬೇಕಾಗುತ್ತದೆ. ಠಾಣೆಯವರ ಮನಸ್ಸಿನ ಕೊರತೆ ಇದಲ್ಲ. ದಿನಕ್ಕೆ ಇರುವುದು 24 ಗಂಟೆ ಮಾತ್ರ.

ಕೇಂದ್ರ ಕಚೇರಿಯ ತೀರಾ ಪಕ್ಕದಲ್ಲಿರುವ ಠಾಣೆಗಂತೂ ಇನ್ನೂ ಒಂದು ಹೊರೆ. ಮಂಗಳೂರಿನಲ್ಲಿ ಕಮಿಷನರ್ ಕಚೇರಿ ಇರುವುದು ಪಾಂಡೇಶ್ವರದಲ್ಲಿ. ಜನ ಪಾಂಡೇಶ್ವರ ಠಾಣೆ ಎಂದೇ ಕರೆಯುವ ಮಂಗಳೂರು ದಕ್ಷಿಣ ಠಾಣೆಯೂ ಅಲ್ಲೇ. ಹುಬ್ಬಳ್ಳಿ-ಧಾರವಾಡದಲ್ಲಿ ಕಮಿಷನರ್ ಕಚೇರಿ ನವನಗರದಲ್ಲಿ, ಎಪಿಎಂಸಿ-ನವನಗರ ಠಾಣೆಯ ಆಸುಪಾಸಿನಲ್ಲಿ. ಇಂಥ ಠಾಣೆಗಳಿಗೆ ಒಂದು ಅನುಕೂಲವಿದೆ: ಸಹಾಯ ಬೇಗ ಬರುತ್ತದೆ, ಮೇಲಿನವರ ಕಣ್ಣು ಇರುವುದರಿಂದ ಕೆಲಸ ಅಚ್ಚುಕಟ್ಟಾಗಿರುತ್ತದೆ. ಜೊತೆಗೆ, ಕಚೇರಿಯ ಎದುರು ಘೋಷಣೆ ಕೂಗಲು ಬಂದವರು, ಮನವಿ ಕೊಡಲು ಬಂದ ಸಂಘಟನೆಗಳು, ಮಂತ್ರಿಗಳ ಭೇಟಿ, ರಸ್ತೆ ಬದಿಯಲ್ಲಿ ನಿಲ್ಲಿಸಿದ ಕಾರುಗಳ ಸಾಲು, ಮೇಲಧಿಕಾರಿಗಳ ಅತಿಥಿಗಳು, ಇವೆಲ್ಲವನ್ನೂ ಮೊದಲು ನಿಭಾಯಿಸಬೇಕಾದದ್ದು ಪಕ್ಕದ ಠಾಣೆಯೇ. ಅಲ್ಲಿನ ಇನ್ಸ್‌ಪೆಕ್ಟರರ ದಿನಚರಿಯನ್ನು ಕೇಂದ್ರ ಕಚೇರಿಯ ಫೋನು ಬರೆಯುತ್ತದೆ. ಹೈದರಾಬಾದಿನಲ್ಲಿ 2022ರ ಆಗಸ್ಟಿನಲ್ಲಿ ಬಂಜಾರಾ ಹಿಲ್ಸಿನ 12ನೇ ರಸ್ತೆಯಲ್ಲಿ ದೊಡ್ಡ ಕಮಾಂಡ್ ಕಂಟ್ರೋಲ್ ಕೇಂದ್ರ ತೆರೆಯಿತು. ನಗರ ಕಮಿಷನರ್ ಕಚೇರಿಯೂ ಬಶೀರ್‌ಬಾಗಿನಿಂದ ಅಲ್ಲಿಗೆ ಬಂತು. ಮರುವರ್ಷವೇ ಆ ನಗರದ ಠಾಣೆಗಳ ಸರಹದ್ದನ್ನು ಮರುವಿಂಗಡಿಸಿ ಹೊಸ ಠಾಣೆಗಳನ್ನು ಮಾಡಿದರು. ಕೇಂದ್ರ ಕಚೇರಿಯ ಬೆನ್ನಿಗೇ ಠಾಣೆಗಳ ಸಂಖ್ಯೆಯನ್ನೂ ಹೆಚ್ಚಿಸಿದ್ದು ಗಮನಿಸಬೇಕಾದ ಕ್ರಮ.

ಲಂಡನ್ನಿನಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. 1829ರಲ್ಲಿ ರಾಬರ್ಟ್ ಪೀಲ್ ಕಟ್ಟಿದ ಮೆಟ್ರೊಪಾಲಿಟನ್ ಪೊಲೀಸ್ ವೈಟ್‌ಹಾಲ್ ಪ್ಲೇಸಿನ ಮನೆಯೊಂದರಿಂದ ಶುರುವಾಯಿತು. 1890ರಲ್ಲಿ ಥೇಮ್ಸ್ ದಂಡೆಗೆ, 1967ರಲ್ಲಿ ಬ್ರಾಡ್‌ವೇಗೆ, 2016ರಲ್ಲಿ ಮತ್ತೆ ಥೇಮ್ಸ್ ದಂಡೆಯ ಚಿಕ್ಕ ಕಟ್ಟಡಕ್ಕೆ ಬಂತು. ಬ್ರಾಡ್‌ವೇ ಕಟ್ಟಡವನ್ನು 2014ರಲ್ಲಿ 37 ಕೋಟಿ ಪೌಂಡಿಗೆ ಮಾರಿದರು. ಇಷ್ಟಾದರೂ ಹಣದ ಬಿಗಿತ ನಿಲ್ಲಲಿಲ್ಲ. 2017ರಲ್ಲಿ ಒಂದೊಂದು ಬರೋಗೆ, ಅಂದರೆ ನಗರದ ಒಂದೊಂದು ಆಡಳಿತ ವಿಭಾಗಕ್ಕೆ, ಹಗಲೂ ರಾತ್ರಿ ತೆರೆದಿರುವ ಒಂದೇ ಪೊಲೀಸ್ ಕೌಂಟರ್ ಸಾಕು ಎಂದು ತೀರ್ಮಾನಿಸಿದರು. ಕೇಂದ್ರ ಕಚೇರಿಯನ್ನು ಚಿಕ್ಕದು ಮಾಡಿದ ಮಾತ್ರಕ್ಕೆ ಬೀದಿಯ ಠಾಣೆ ಉಳಿಯುತ್ತದೆ ಎಂದೇನೂ ಇಲ್ಲ ಎಂಬುದಕ್ಕೆ ಈ ಉದಾಹರಣೆ. ಹಣ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದನ್ನೇ ನೋಡಬೇಕು.

ಇನ್ನು ಮೂರನೆಯದು: ದೂರು ಹೊತ್ತು ಬರುವವರ ದಾರಿ.

ಕೇಂದ್ರ ಕಚೇರಿಯ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಇಲ್ಲಿದೆ. ಅದನ್ನು ಪೂರ್ತಿ ಹೇಳುತ್ತೇನೆ. ಠಾಣೆ ಎಂದರೆ ಎಲ್ಲರಿಗೂ ತೆರೆದ ಬಾಗಿಲಲ್ಲ. ಗಂಡನ ಹೊಡೆತ ತಾಳಲಾರದೆ ಬಂದ ಹೆಂಗಸಿಗೆ ‘ರಾಜಿ ಮಾಡಿಕೊಳ್ಳಮ್ಮ’ ಎಂದು ಹಿಂದೆ ಕಳಿಸಿದ ಠಾಣೆಗಳಿವೆ. ಜಾತಿಯ ಹೆಸರಿನಲ್ಲಿ ಅವಮಾನವಾದ ಕೂಲಿಯಾಳಿಗೆ, ಊರಿನ ದೊಡ್ಡವರ ವಿರುದ್ಧ ದೂರು ಕೊಡಲು ಬಂದ ಬಡವರಿಗೆ ಸಂಜೆಯವರೆಗೆ ಬೆಂಚಿನ ಮೇಲೆ ಕೂರುವುದೊಂದೇ ಉತ್ತರವಾದದ್ದಿದೆ. ಅಂಥವರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದೂರದಲ್ಲಿ ಠಾಣೆಯವರಿಗಿಂತ ದೊಡ್ಡವರೊಬ್ಬರು ಇದ್ದಾರೆ ಎಂಬ ಧೈರ್ಯವೇ ಒಂದು ರಕ್ಷಣೆ. ಠಾಣೆಯವರು ದೂರು ದಾಖಲಿಸದಿದ್ದರೆ ಸಾರಾಂಶವನ್ನು ಬರವಣಿಗೆಯಲ್ಲಿ ಎಸ್‌ಪಿಗೆ ಕಳಿಸಬಹುದು ಎಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಕಮಿಷನರೇಟಿನಲ್ಲಿ ಆ ಸ್ಥಾನದಲ್ಲಿ ಡಿಸಿಪಿ ಇರುತ್ತಾರೆ. ಮಂಗಳೂರಿನಲ್ಲಿ ಕೆಲವು ವರ್ಷ ಕಮಿಷನರ್ ಕಚೇರಿಯಿಂದ ನಡೆದ ಫೋನ್-ಇನ್ ಕಾರ್ಯಕ್ರಮ ಜನರಿಗೆ ಹತ್ತಿರವಾದದ್ದು ಇದೇ ಕಾರಣಕ್ಕೆ. ಸಾಮಾನ್ಯನೊಬ್ಬ ಮನೆಯಿಂದಲೇ ಕಮಿಷನರರ ಜೊತೆ ನೇರವಾಗಿ ಮಾತಾಡಬಹುದಿತ್ತು.

ಹಾಗಾದರೆ ಕೇಂದ್ರ ಕಚೇರಿಗೆ ಕೊಟ್ಟ ಅರ್ಜಿಗೆ ಏನಾಗುತ್ತದೆ? ಅದರ ಪಯಣವನ್ನು ಹಿಂಬಾಲಿಸೋಣ. ಒಬ್ಬ ವೃದ್ಧೆ, ಪಕ್ಕದ ಮನೆಯವರು ತನ್ನ ಜಾಗಕ್ಕೆ ಕಾಂಪೌಂಡು ಕಟ್ಟಿ ಬೆದರಿಸುತ್ತಿದ್ದಾರೆ ಎಂದು ಅರ್ಜಿ ಬರೆಸುತ್ತಾರೆ. ಮೇಲ್ಗಡೆ ‘ಮಾನ್ಯ ಪೊಲೀಸ್ ಆಯುಕ್ತರಿಗೆ’ ಎಂದಿರುತ್ತದೆ. ತಪಾಲು ವಿಭಾಗದಲ್ಲಿ ಮೊಹರು, ಒಂದು ಸಂಖ್ಯೆ. ಕಮಿಷನರರು ಹಸಿರು ಶಾಯಿಯಲ್ಲಿ ಡಿಸಿಪಿಗೆ ಬರೆಯುತ್ತಾರೆ. ಡಿಸಿಪಿ ಕಚೇರಿಯಲ್ಲಿ ಇನ್ನೊಂದು ಸಂಖ್ಯೆ, ಅಲ್ಲಿಂದ ಎಸಿಪಿಗೆ. ಎಸಿಪಿ ಕಚೇರಿಯಲ್ಲಿ ಮೂರನೆಯ ಸಂಖ್ಯೆ. ‘ಪರಿಶೀಲಿಸಿ ವರದಿ ಸಲ್ಲಿಸಿ’ ಎಂದು ಇನ್ಸ್‌ಪೆಕ್ಟರಿಗೆ. ಇನ್ಸ್‌ಪೆಕ್ಟರ್ ಅದನ್ನು ಎಎಸ್‌ಐ ಒಬ್ಬರಿಗೆ ಅರ್ಜಿ ವಿಚಾರಣೆಗೆ ಕೊಡುತ್ತಾರೆ. ಹದಿನೈದು ದಿನ ಕಳೆದು ಅದೇ ವೃದ್ಧೆಯ ಎದುರಿಗೆ ಬಂದು ನಿಲ್ಲುವವರು, ಮೊದಲ ದಿನ ಠಾಣೆಗೆ ಹೋದಾಗ ‘ಇದು ಸಿವಿಲ್ ವಿಷಯ’ ಎಂದು ವಾಪಸ್ ಕಳಿಸಿದ ಅದೇ ಎಎಸ್‌ಐ. ಅವರ ಬಳಿ ಈಗ ಮೂರು ಕಚೇರಿಗೆ ಉತ್ತರ ಬರೆಯುವ ಹೊಣೆ ಇದೆ. ಹಾಗಾಗಿ ವಿಚಾರಣೆಗಿಂತ ವರದಿ ಮುಖ್ಯವಾಗುತ್ತದೆ. ಎರಡೂ ಕಡೆಯವರ ಹೇಳಿಕೆ, ಒಂದು ಹಿಂಬರಹ, ಮುಕ್ತಾಯ.

ನಾನು ಯಾವ ಒಂದು ಊರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಹೇಳುತ್ತಿಲ್ಲ. ಅರ್ಜಿ ಹತ್ತಿ ಇಳಿಯುವ ಈ ಏಣಿ ಎಲ್ಲ ಕಡೆಯೂ ಹೀಗೆಯೇ ಇದೆ. ಕಚೇರಿ ಬೆಳೆದಂತೆ ಮೆಟ್ಟಿಲು ಹೆಚ್ಚಾಗುತ್ತದೆ, ಮೆಟ್ಟಿಲು ಹೆಚ್ಚಾದಂತೆ ಠಾಣೆಯಲ್ಲಿ ‘ಮೇಲಿನ ಅರ್ಜಿ’ ಮತ್ತು ‘ನೇರ ಅರ್ಜಿ’ ಎಂಬ ಭೇದ ಹುಟ್ಟುತ್ತದೆ. ಮೇಲಿನದಕ್ಕೆ ಗಡುವು ಇದೆ, ನೇರವಾಗಿ ಬಂದವರದಕ್ಕೆ ಇಲ್ಲ. ಇದನ್ನು ಜನ ಬಹಳ ಬೇಗ ಅರ್ಥಮಾಡಿಕೊಳ್ಳುತ್ತಾರೆ. ಸೈಕಲ್ ಕಳೆದರೂ ಕಮಿಷನರಿಗೇ ಬರೆಯುತ್ತಾರೆ. ಠಾಣೆಗೆ ಬರುವವರು ಕೊನೆಗೆ ಬರೆಯಲು ಬಾರದವರು, ಬರೆಸಲು ಕಾಸಿಲ್ಲದವರು, ಮೇಲಿನ ಕಚೇರಿಯ ಗಾಜಿನ ಬಾಗಿಲು ದೂಡಲು ಅಳುಕುವವರು. ಸಾಲಿನಲ್ಲಿ ಹಿಂದೆ ಬೀಳುವವರೂ ಅವರೇ. ದುರ್ಬಲರಿಗೆ ಮೇಲ್ಮನವಿಯ ಬಾಗಿಲಾಗಿ ತೆರೆದದ್ದು ಹೀಗೆ ದುರ್ಬಲರನ್ನೇ ಹಿಂದಕ್ಕೆ ತಳ್ಳುತ್ತದೆ. ನನ್ನನ್ನು ಹೆಚ್ಚು ನೋಯಿಸುವುದು ಇದು.

ತುರ್ತು ಸಂಖ್ಯೆ 112ಕ್ಕೆ ಬಂದ ಕರೆಯ ವಿಷಯವೂ ಸ್ವಲ್ಪ ಇದೇ ಬಗೆಯದು. ತುರ್ತಿನಲ್ಲಿ ವಾಹನ ನಿಮಿಷಗಳಲ್ಲಿ ಬರುತ್ತದೆ. ಪ್ರಾಣ ಉಳಿದ ಪ್ರಸಂಗಗಳಿವೆ. ಆದರೆ ವಾಹನದವರು ಜಗಳ ಬಿಡಿಸಿ, ಬಂದು ಹೋದದ್ದನ್ನು ದಾಖಲಿಸಿ, ಮುಂದಿನ ಕರೆಗೆ ಹೋಗುತ್ತಾರೆ. ಆ ಮನೆಯಲ್ಲಿ ಕಳೆದ ತಿಂಗಳು ಎರಡು ಬಾರಿ ಹೀಗೇ ಆಗಿತ್ತು ಎಂಬ ನೆನಪು ಬೀಟಿನವರಲ್ಲಿ ಇರಬೇಕಾದದ್ದು. ಕರೆಯ ದಾಖಲೆ ಪ್ರತಿ ದಿನ ಬೀಟಿನ ಪುಸ್ತಕಕ್ಕೆ ಬರದಿದ್ದರೆ ಕೇಂದ್ರ ಕಚೇರಿಗೂ ಠಾಣೆಗೂ ಎರಡು ಬೇರೆ ಊರುಗಳು ಕಾಣುತ್ತವೆ.

ಕೊನೆಯ ಭಾಗ ಸರಹದ್ದಿನದು. ಇದನ್ನು ಬೇಗ ಮುಗಿಸುತ್ತೇನೆ. 2010ರಲ್ಲಿ ದಕ್ಷಿಣ ಕನ್ನಡದ ಪೊಲೀಸ್ ನಕ್ಷೆ ಎರಡಾಯಿತು. ಮಂಗಳೂರು ನಗರ, ಸುರತ್ಕಲ್, ಮೂಲ್ಕಿ, ಮೂಡುಬಿದಿರೆ, ಬಜ್ಪೆ, ಉಳ್ಳಾಲ, ಕೊಣಾಜೆಗಳು ಕಮಿಷನರ್ ಕಡೆ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯದ ಕಡೆಗಳು ಎಸ್‌ಪಿ ಕಡೆ. ಹೀಗೆ ಮೂಡುಬಿದಿರೆಯ ಠಾಣೆ, ಮಂಗಳೂರಿನಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿದ್ದೂ, ನಗರ ಠಾಣೆಯಾಯಿತು. ಸುತ್ತ ಅಡಿಕೆ ತೋಟ, ಗದ್ದೆ, ಕಾಡಿನ ಅಂಚು. ಮೇಲಿನ ಸುತ್ತೋಲೆಗಳಲ್ಲಿ ಮಾತ್ರ ಸಿಗ್ನಲ್, ಮಾಲ್, ಪಾರ್ಕಿಂಗ್. ಅತ್ತ ಎಸ್‌ಪಿ ಕಚೇರಿ ಮಂಗಳೂರಿನಲ್ಲೇ ಉಳಿಯಿತು. ತಮ್ಮ ಅಧಿಕಾರ ಇಲ್ಲದ ನಗರದಲ್ಲಿ ಕೂತು ಸುಳ್ಯ, ಬೆಳ್ತಂಗಡಿಗಳನ್ನು ನೋಡಿಕೊಳ್ಳುವ ಪರಿಸ್ಥಿತಿ. ಸುಳ್ಯದವರಿಗೆ ಎಸ್‌ಪಿಯನ್ನು ಕಾಣಬೇಕೆಂದರೆ ಎಂಬತ್ತಕ್ಕೂ ಹೆಚ್ಚು ಕಿಲೋಮೀಟರ್ ಬರಬೇಕು. ಕಚೇರಿಯನ್ನು ಪುತ್ತೂರಿಗೆ ಕೊಡಿ ಎಂಬ ಬೇಡಿಕೆ ಹುಟ್ಟಿದ್ದು ಇಲ್ಲಿಂದ, ಅದು ನ್ಯಾಯವಾದ ಬೇಡಿಕೆ. ನಗರಕ್ಕೆ ಹೊಸ ಕೇಂದ್ರ ಬಂದಾಗ ನಗರದ ಹೊರಗಿನ ಠಾಣೆಗೂ ಹೊಸ ಕೇಂದ್ರ ಬೇಕಾಗುತ್ತದೆ ಎಂಬುದನ್ನು ಯೋಜನೆ ಮಾಡುವವರು ಮೊದಲೇ ಕಾಣಬೇಕು.

ಇಷ್ಟು ಹೇಳಿದ ಮೇಲೆ ಏನು ಮಾಡಬಹುದು ಎಂದು ನೀವು ಕೇಳುವುದು ಸಹಜ. ಕಮಿಷನರೇಟ್ ಬೇಡ ಎಂದು ನಾನು ಹೇಳುತ್ತಿಲ್ಲ. ಕಟ್ಟಡಕ್ಕೆ ಹಣ ಮಂಜೂರಾಗುವ ಆದೇಶದಲ್ಲೇ ಅದರ ಹುದ್ದೆಗಳೂ ಮಂಜೂರಾಗಬೇಕು. ಕಂಟ್ರೋಲ್ ರೂಮಿಗೆ, ತಪಾಲಿಗೆ, ವಿಶೇಷ ದಳಕ್ಕೆ ಬೇಕಾದ ಒಬ್ಬೊಬ್ಬರನ್ನೂ ಅಲ್ಲೇ ಎಣಿಸಬೇಕು. ಕಟ್ಟಡ ಮೊದಲು, ಹುದ್ದೆ ಆಮೇಲೆ ಎಂದಾದಾಗಲೇ ಠಾಣೆಯಿಂದ ಎತ್ತುವ ಅಭ್ಯಾಸ ಬೆಳೆಯುವುದು. ಓಓಡಿ ಅನಿವಾರ್ಯವಾದರೆ ಅದಕ್ಕೆ ಮುಗಿಯುವ ದಿನಾಂಕ ಇರಲಿ; ಆ ದಿನದ ಮೇಲೆ ಮುಂದುವರಿಸಬೇಕಾದರೆ ಕಾರಣ ಬರೆಯಲಿ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಠಾಣೆಯ ಮುಖ್ಯಸ್ಥರಿಗೂ ಕನಿಷ್ಠ ಎರಡು ವರ್ಷದ ಅವಧಿ ಇರಬೇಕೆಂದು ನಿರ್ದೇಶಿಸಿತು. ಬೀಟಿನ ಕಾನ್ಸ್‌ಟೇಬಲ್ಲಿಗೂ ಅಂಥ ಒಂದು ಸ್ಥಿರತೆ ಬೇಕು ಎಂದು ನಾನು ಸೇರಿಸುತ್ತೇನೆ. ಅದೇ ತೀರ್ಪು ತನಿಖೆಯನ್ನೂ ಕಾನೂನು-ಸುವ್ಯವಸ್ಥೆಯನ್ನೂ ಬೇರ್ಪಡಿಸಲು ಹೇಳಿತ್ತು. ಅದು ಠಾಣೆಯ ಮಟ್ಟದಲ್ಲಿ ಪೂರ್ತಿಯಾಗಿ ಆದರೆ, ಬಂದೋಬಸ್ತಿಗೆ ಹೋದ ತನಿಖಾಧಿಕಾರಿಗಾಗಿ ದೂರುದಾರರು ಕಾಯುವುದು ತಪ್ಪುತ್ತದೆ. ಮೇಲಿನ ಕಚೇರಿಗೆ ಬಂದ ಅರ್ಜಿ ಠಾಣೆಗೇ ಹೋಗಬೇಕಾದರೂ, ಮೊದಲು ನಿರಾಕರಿಸಿದ ಅಧಿಕಾರಿಯ ಕೈಗೆ ಹೋಗದಂತೆ ಎಸಿಪಿ ನೋಡಿಕೊಳ್ಳಬಹುದು. ಇದಕ್ಕೆ ಹೊಸ ಕಾಯ್ದೆ ಬೇಡ, ಒಂದು ಸುತ್ತೋಲೆ ಸಾಕು.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ವಿವರಗಳನ್ನು ತಾವಾಗಿಯೇ ಪ್ರಕಟಿಸಬೇಕು ಎನ್ನುತ್ತದೆ. ನಿಮ್ಮ ಮನೆ ಇರುವ ಠಾಣೆಯಲ್ಲಿ ಮಂಜೂರಾದ ಹುದ್ದೆ ಎಷ್ಟು, ಹಾಜರಿರುವವರು ಎಷ್ಟು, ಓಓಡಿ ಮೇಲೆ ಹೋದವರು ಎಷ್ಟು ಮತ್ತು ಎಷ್ಟು ತಿಂಗಳಿಂದ ಎಂದು ಕೇಳಿ ಪಡೆಯಿರಿ. ಹೆಸರುಗಳು ಬೇಡ, ಸಂಖ್ಯೆ ಸಾಕು. ನಗರದ ಎಲ್ಲ ಠಾಣೆಗಳದ್ದೂ ಒಂದು ಪಟ್ಟಿ ಮಾಡಿದರೆ, ಕಮಿಷನರ್ ಕಚೇರಿಯವರಿಗೇ ಅದು ಬೇಕಾಗುತ್ತದೆ. ಅದನ್ನು ಅವರಿಗೆ ಕೊಡಿ, ಪತ್ರಿಕೆಗೂ ಕೊಡಿ. ಮುಂದಿನ ವರ್ಷ ಇದೇ ದತ್ತಿಯ ವೇದಿಕೆಯಲ್ಲಿ ನಿಮ್ಮಲ್ಲೊಬ್ಬರು ಅದನ್ನು ಮಂಡಿಸಲು ಸಂಘಟಕರು ಅವಕಾಶ ಕೊಡಲಿ ಎಂದು ಕೇಳಿಕೊಳ್ಳುತ್ತೇನೆ.